ಎಲೆಗೂ ಬೇಕು ಜಾಗ: ಚಹಾ ಇನ್‌ಫ್ಯೂಸರ್ ಕೊಳ್ಳುವ ಮುನ್ನ



ನಮ್ಮ ಅಡುಗೆಮನೆಗಳ ಮೇಲಿನ ಅಟ್ಟದಲ್ಲಿ ಈಗ ಒಂದು ಡಬ್ಬಿ ಇದ್ದೇ ಇರುತ್ತದೆ. ಊಟಿಗೆ ಹೋದವರು ತಂದದ್ದೋ, ದೀಪಾವಳಿಗೆ ಆಫೀಸಿನಲ್ಲಿ ಕೊಟ್ಟದ್ದೋ, ಪರದೇಶದಿಂದ ಬಂದ ಮಗಳು ಸೂಟ್‌ಕೇಸಿನಿಂದ ತೆಗೆದುಕೊಟ್ಟದ್ದೋ. ಒಳಗಿರುವುದು ಎಲೆ ಚಹಾ. ಒಂದೆರಡು ಸಲ ಮಾಡಿ, "ಅಯ್ಯೋ, ಕಹಿ ಕಷಾಯ!" ಎಂದು ಮುಚ್ಚಿಟ್ಟದ್ದು. ಕೆಲವರು ಅದಕ್ಕೆಂದೇ ಒಂದು ಸ್ಟೀಲ್ ಗುಂಡನ್ನೂ ಕೊಂಡಿರುತ್ತಾರೆ. ಈಗ ಅದು ಚಮಚದ ಡ್ರಾಯರಿನಲ್ಲಿ ಉರುಳಾಡುತ್ತಿರುತ್ತದೆ.

ಡಬ್ಬಿ ಹಾಗೇ ಉಳಿದರೆ ದುಡ್ಡು ದಂಡ, ಅಷ್ಟೇ. ಆದರೆ ಸಕ್ಕರೆ ಕಾಯಿಲೆ ಬಂದು "ಸಕ್ಕರೆ ಹಾಕಿದ ಟೀ ಕಡಿಮೆ ಮಾಡಿ" ಎಂದು ಡಾಕ್ಟರ್ ಹೇಳಿದ ಮೇಲೆ ಎಲೆ ಚಹಾಕ್ಕೆ ಬಂದವರ ವಿಷಯ ಹಾಗಲ್ಲ. ನಾಲ್ಕು ದಿನ ಕಹಿ ಕುಡಿದು ಸಾಕಾಗಿ, ಮತ್ತೆ ದಿನಕ್ಕೆ ನಾಲ್ಕು ಲೋಟ ಸಿಹಿ ಚಹಾಕ್ಕೆ ಮರಳಿದರೆ ನಷ್ಟ ದುಡ್ಡಿನದಷ್ಟೇ ಅಲ್ಲ. ಒಳ್ಳೆಯ ಎಲೆಯನ್ನು ಸರಿಯಾಗಿ ನೆನೆಸಿದರೆ ಸಕ್ಕರೆ, ಹಾಲು ಇಲ್ಲದೆಯೂ ಕುಡಿಯಬಹುದು. ಕಹಿ ಬಂದಾಗ ನಾವು ಎಲೆಯನ್ನು ಬೈಯುತ್ತೇವೆ. ಬಹಳ ಸಲ ತಪ್ಪು ಎಲೆಯದಲ್ಲ, ಅದನ್ನು ಕೂಡಿಹಾಕಿದ ಗುಂಡಿನದು ಮತ್ತು ಗಡಿಯಾರದ್ದು. ಹೇಗೆ ಅಂತೀರಾ? ಬನ್ನಿ, ನೋಡೋಣ.

ಇನ್‌ಫ್ಯೂಸರ್ ಎಂದರೇನು?

ಬೀದರ್, ಕಲಬುರಗಿ ಕಡೆಯವರು 'ಚಾ' ಅನ್ನುತ್ತಾರೆ, ಮೈಸೂರು ಕಡೆಯವರು 'ಟೀ' ಅನ್ನುತ್ತಾರೆ. ಹೆಸರು ಯಾವುದಾದರೂ ನಮ್ಮೆಲ್ಲರ ಮನೆಯ ವಿಧಾನ ಒಂದೇ: ಪುಡಿ ಹಾಕಿ ಕುದಿಸುವುದು, ಜರಡಿಯಲ್ಲಿ ಸೋಸುವುದು. ಜರಡಿಯ ಕೆಲಸ ಶುರುವಾಗುವುದು ಚಹಾ ತಯಾರಾದ ಮೇಲೆ. ಇನ್‌ಫ್ಯೂಸರ್ ಹಾಗಲ್ಲ. ಎಲೆಯನ್ನು ಅದರೊಳಗೆ ಹಾಕಿ ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಹೊತ್ತಾದ ಕೂಡಲೇ ಎಲೆ ಸಮೇತ ಎತ್ತಿಬಿಡುವ ಜಾಲರಿ ಅದು. ಅಂದರೆ ಅದು ಎರಡು ಕೆಲಸ ಮಾಡಬೇಕು. ಒಂದು, ಎಲೆಗೆ ಅರಳಲು ಜಾಗ ಕೊಡಬೇಕು. ಎರಡು, ಸರಿಯಾದ ಹೊತ್ತಿಗೆ ಎಲೆಯನ್ನೂ ನೀರನ್ನೂ ಬೇರ್ಪಡಿಸಬೇಕು. ಯಾವ ಇನ್‌ಫ್ಯೂಸರನ್ನಾದರೂ ಈ ಎರಡು ಪ್ರಶ್ನೆ ಕೇಳಿ ಅಳೆಯಬಹುದು.

ಮೊದಲು ಡಬ್ಬಿಯ ಮೇಲೆ ಓದಿ

ನಾವು ದಿನಾ ಕುದಿಸುವ ಕಾಳುಕಾಳಾದ ಪುಡಿಗೆ ಸಿಟಿಸಿ ಎಂದು ಹೆಸರು. ಕ್ರಶ್, ಟೇರ್, ಕರ್ಲ್, ಅಂದರೆ ಎಲೆಯನ್ನು ಜಜ್ಜಿ, ಹರಿದು, ಉಂಡೆ ಸುತ್ತುವುದು. 1930ರ ಸುಮಾರಿಗೆ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ಈ ಯಂತ್ರ ರೂಪುಗೊಂಡಿತು. ಜಜ್ಜಿದ ಎಲೆಯಾದ್ದರಿಂದ ಬಣ್ಣವೂ ಕಡುರುಚಿಯೂ ಬೇಗ ಬಿಡುತ್ತವೆ. ಹಾಲು, ಸಕ್ಕರೆ ತಡೆದುಕೊಳ್ಳುವಂತೆ ಮಾಡಿದ ಚಹಾ ಇದು. ಭಾರತದಲ್ಲಿ ತಯಾರಾಗುವ ಚಹಾದ ಬಹುಪಾಲು ಇದೇ.

ಇನ್ನೊಂದು ಆರ್ಥೊಡಾಕ್ಸ್. ಇದರಲ್ಲಿ ಎಲೆಯನ್ನು ಬಾಡಿಸಿ, ಹೊಸೆದು ಒಣಗಿಸುತ್ತಾರೆ. ಎಲೆ ಬಹುಮಟ್ಟಿಗೆ ಎಲೆಯಾಗಿಯೇ ಉಳಿಯುತ್ತದೆ. ಡಾರ್ಜಿಲಿಂಗ್, ನೀಲಗಿರಿಯ ಒಳ್ಳೆಯ ಚಹಾಗಳು, ಹೆಚ್ಚಿನ ಗ್ರೀನ್ ಟೀಗಳು ಎಲೆಯ ರೂಪದಲ್ಲೇ ಬರುತ್ತವೆ. ನಮ್ಮ ಕರ್ನಾಟಕದಲ್ಲೂ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಕಾಫಿಯ ನೆರೆಯಲ್ಲೇ ಕೆಲವು ಚಹಾ ತೋಟಗಳಿವೆ. ಯಾವ ಊರಿನದೇ ಆಗಲಿ, ಪೊಟ್ಟಣದ ಮೇಲೆ ಸಿಟಿಸಿ ಎಂದಿದೆಯೋ ಆರ್ಥೊಡಾಕ್ಸ್ ಎಂದಿದೆಯೋ ನೋಡಿಕೊಳ್ಳಿ.

ಯಾಕೆಂದರೆ ಇನ್‌ಫ್ಯೂಸರ್ ಇರುವುದೇ ಎಲೆ ಚಹಾಕ್ಕಾಗಿ. ಸಿಟಿಸಿ ಪುಡಿಯನ್ನು ಅದರಲ್ಲಿ ಹಾಕಿದರೆ ಅರ್ಧ ತೂತುಗಳಿಂದ ಜಾರಿ ಲೋಟದ ತಳ ಸೇರುತ್ತದೆ, ಉಳಿದರ್ಧ ಒಂದೇ ನಿಮಿಷದಲ್ಲಿ ಕಡುವಾಗಿ ಬಿಡುತ್ತದೆ. ಮನೆಯಲ್ಲಿ ಹಾಲಿನ ಚಹಾ ಬಿಟ್ಟು ಬೇರೇನೂ ಮಾಡುವುದಿಲ್ಲ ಎನ್ನುವವರಿಗೆ ಇನ್‌ಫ್ಯೂಸರ್ ಬೇಕಿಲ್ಲ. ಅಜ್ಜಿಯ ಕಾಲದ ಜರಡಿಯೇ ಸಾಕು.

ಹಾಗಾದರೆ ಇರಾನಿ ಚಾಯ್?

ಹೈದರಾಬಾದಿನಲ್ಲಿದ್ದು ಈ ಪ್ರಶ್ನೆ ಕೇಳದಿದ್ದರೆ ಹೇಗೆ! ಇರಾನಿ ಹೋಟೆಲುಗಳಲ್ಲಿ ಚಹಾದ ಡಿಕಾಕ್ಷನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ದಮ್ ಆಗುತ್ತದೆ. ಆದರೂ ಉಸ್ಮಾನಿಯಾ ಬಿಸ್ಕತ್ತಿನ ಜೊತೆ ಅದು ಕಹಿ ಎನಿಸುವುದಿಲ್ಲ. ನಮ್ಮ ಎಲೆ ಚಹಾ ಮಾತ್ರ ಹತ್ತೇ ನಿಮಿಷಕ್ಕೆ ಯಾಕೆ ಕೆಡುತ್ತದೆ?

ಉತ್ತರ ಹಾಲಿನಲ್ಲಿದೆ. ಹೆಚ್ಚು ಹೊತ್ತು ಬಿಸಿಯಲ್ಲಿದ್ದ ಚಹಾದಲ್ಲಿ ಒಗರು ಕೊಡುವ ಪಾಲಿಫಿನಾಲ್‌ಗಳು ತುಂಬಿಕೊಳ್ಳುತ್ತವೆ. ನಾವು ಬಾಯಿಮಾತಿನಲ್ಲಿ ಟ್ಯಾನಿನ್ ಎನ್ನುವುದು ಇವನ್ನೇ. ನಾಲಿಗೆ ಜೋಮು ಹಿಡಿದಂತಾಗುವುದು ಇವುಗಳಿಂದ. ಹಾಲಿನ ಕೇಸೀನ್ ಎಂಬ ಪ್ರೋಟೀನು ಇವನ್ನು ಹಿಡಿದುಕೊಳ್ಳುತ್ತದೆ, ಒಗರು ತಗ್ಗುತ್ತದೆ. ಇರಾನಿ ಹೋಟೆಲಿನ ಹಾಲು ಬತ್ತಿಸಿ ಗಟ್ಟಿ ಮಾಡಿದ್ದು. ಜೊತೆಗೆ ಸಕ್ಕರೆ ಉಳಿದ ಕಹಿಯನ್ನು ಮುಚ್ಚುತ್ತದೆ. ಎಲೆ ಚಹಾಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಅದನ್ನು ಕಾಪಾಡಬೇಕಾದದ್ದು ಗಡಿಯಾರ ಮಾತ್ರ. ಅದಕ್ಕೇ ಸರಿಯಾದ ಹೊತ್ತಿಗೆ ಎಲೆ ಎತ್ತುವುದು ಇಲ್ಲಿ ಅಷ್ಟು ಮುಖ್ಯ.

ಜಾಗದ ಲೆಕ್ಕ

ಹೊಸೆದು ಒಣಗಿಸಿದ ಎಲೆ ಬಿಸಿನೀರಿನಲ್ಲಿ ಬಿಚ್ಚಿಕೊಂಡು ಹಲವು ಪಟ್ಟು ದೊಡ್ಡದಾಗುತ್ತದೆ. ಮೆಂತ್ಯ ನೆನೆಸುವಾಗ ಚಿಕ್ಕ ಬಟ್ಟಲಿನಲ್ಲಿ ಇಟ್ಟರೆ ಏನಾಗುತ್ತದೆ ಎಂದು ನಮ್ಮ ಮನೆಯ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ. ಸಣ್ಣ ಗುಂಡಿನಲ್ಲಿ ತುಂಬಿ ಬಿಗಿದ ಎಲೆ ಉಬ್ಬಿ ಒಂದಕ್ಕೊಂದು ಒತ್ತಿಕೊಳ್ಳುತ್ತದೆ. ನೀರು ಹೊರಗಿನ ಎಲೆಯನ್ನು ಮಾತ್ರ ಮುಟ್ಟುತ್ತದೆ, ನಡುವಿನದು ಅರೆಬರೆ ನೆನೆಯುತ್ತದೆ. ಬಣ್ಣ ಬರಲಿಲ್ಲ ಎಂದು ನಾವು ಇನ್ನೈದು ನಿಮಿಷ ಬಿಡುತ್ತೇವೆ. ಅಷ್ಟರಲ್ಲಿ ಹೊರಗಿನ ಎಲೆ ಒಗರು ಬಿಟ್ಟಿರುತ್ತದೆ. ಒಂದೇ ಲೋಟದಲ್ಲಿ ಸಪ್ಪೆಯೂ ಕಹಿಯೂ ಬರುವುದು ಹೀಗೆ.

ನೆನಪಿಡಲು ಸುಲಭದ ಲೆಕ್ಕ: ಒಣ ಎಲೆ ಇನ್‌ಫ್ಯೂಸರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರಬಾರದು.

ಯಾವ ಯಾವ ಬಗೆ?

ಗುಂಡು: ಎರಡು ಅರ್ಧಚೆಂಡುಗಳು, ಒಂದು ಸರಪಳಿ. ಎಲ್ಲ ಕಡೆ ಸಿಗುತ್ತದೆ, ಅಗ್ಗ. ಆದರೆ ಒಳಗೆ ಜಾಗ ಕಡಿಮೆ, ತಿರುಪು ಸಡಿಲವಾದರೆ ಎಲೆಯೆಲ್ಲ ಹೊರಗೆ. ಮನೆಯಲ್ಲಿ ಆಗಲೇ ಇದ್ದರೆ ಎಸೆಯಬೇಡಿ. ಸಾರಿಗೋ ಪಲಾವಿಗೋ ಚಕ್ಕೆ, ಲವಂಗ, ಏಲಕ್ಕಿ ಹಾಕಿ ಇಳಿಬಿಡಲು ಅದು ಚೆನ್ನ. ತಿನ್ನುವಾಗ ಹಲ್ಲಿಗೆ ಲವಂಗ ಸಿಗುವುದಿಲ್ಲ!

ಇಕ್ಕಳದ ಚಮಚ: ಹಿಡಿ ಒತ್ತಿದರೆ ಬಾಯಿ ತೆರೆಯುವ ಜಾಲರಿ ಚಮಚ. ನೋಡಲು ಚೆಂದ, ತೊಳೆಯಲು ಸುಲಭ, ಜಾಗ ಗುಂಡಿಗಿಂತಲೂ ಕಡಿಮೆ. ಚಿಕ್ಕ ಲೋಟಕ್ಕೆ, ಸಣ್ಣ ಚೂರಿನ ಎಲೆಗೆ ಸರಿಹೋದೀತು.

ಸಿಲಿಕೋನ್ ಗೊಂಬೆಗಳು: ಮೀನು, ಮನುಷ್ಯ, ಎಲೆ ಹೀಗೆ ನಾನಾ ಆಕಾರ. ಉಡುಗೊರೆಗೆ ಸರಿ. ತೂತುಗಳು ಕೆಲವೇ ಕೆಲವು, ನೀರು ಓಡಾಡುವುದು ಕಷ್ಟ. ಕೊಳ್ಳುವುದಾದರೆ ಮೂಸಿ ನೋಡಿ. ರಬ್ಬರಿನ ವಾಸನೆ ಇದ್ದರೆ ಚಹಾಕ್ಕೂ ಬರುತ್ತದೆ.

ಬುಟ್ಟಿ: ಲೋಟದ ಬಾಯಿಯ ಮೇಲೆ ಅಂಚು ಕೂತು, ತಳದವರೆಗೆ ಇಳಿಯುವ ಅಗಲವಾದ ಜಾಲರಿ. ಎಲೆಗೆ ಧಾರಾಳ ಜಾಗ, ಎತ್ತುವುದು ಸುಲಭ, ತೊಳೆಯುವುದೂ ಸುಲಭ. ಮುಚ್ಚಳ ಇರುವಂಥದ್ದಾದರೆ ಬಿಸಿಯೂ ಘಮವೂ ಉಳಿಯುತ್ತವೆ, ಬುಟ್ಟಿ ಎತ್ತಿದ ಮೇಲೆ ಅದೇ ಮುಚ್ಚಳ ತೊಟ್ಟಿಕ್ಕುವ ನೀರಿಗೆ ತಟ್ಟೆಯಾಗುತ್ತದೆ. ಒಂದೇ ಇನ್‌ಫ್ಯೂಸರ್ ಕೊಳ್ಳುವವರಿಗೆ ಇದೇ ನಮ್ಮ ಸಲಹೆ.

ಬುಟ್ಟಿ ಇರುವ ಗಾಜಿನ ಕೆಟಲ್: ಮೂರು ನಾಲ್ಕು ಜನಕ್ಕೆ ಒಟ್ಟಿಗೆ ಮಾಡುವವರಿಗೆ ಅನುಕೂಲ. ಒಂದು ಎಚ್ಚರ: ಅರ್ಧ ಕೆಟಲ್ ನೀರು ಹಾಕಿದಾಗ ಬುಟ್ಟಿಯ ತಳ ನೀರನ್ನು ಮುಟ್ಟುತ್ತದೆಯೇ ನೋಡಿ. ಕೆಲವದರಲ್ಲಿ ಬುಟ್ಟಿ ಮೇಲೆಯೇ ತೂಗಾಡುತ್ತಿರುತ್ತದೆ.

ಚಹಾ ಚೀಲ: ಇದರ ಕಥೆ ಹಳೆಯದು. ಅಮೆರಿಕದ ಮಿಲ್ವಾಕಿಯ ರಾಬರ್ಟಾ ಲಾಸನ್ ಮತ್ತು ಮೇರಿ ಮೆಕ್‌ಲಾರೆನ್ ಎಂಬ ಇಬ್ಬರು ಹೆಂಗಸರು ಒಂದು ಲೋಟಕ್ಕೆ ಸಾಕಾಗುವಷ್ಟು ಎಲೆ ಹಿಡಿಯುವ ಬಟ್ಟೆಯ ಜಾಲರಿಗೆ 1901ರಲ್ಲಿ ಅರ್ಜಿ ಹಾಕಿ 1903ರಲ್ಲಿ ಪೇಟೆಂಟ್ ಪಡೆದಿದ್ದರು. ಇವತ್ತು ನಾವೇ ಎಲೆ ತುಂಬುವ ಖಾಲಿ ಕಾಗದದ ಚೀಲಗಳೂ ಸಿಗುತ್ತವೆ. ರೈಲು ಪ್ರಯಾಣಕ್ಕೆ, ಆಫೀಸಿಗೆ ಒಳ್ಳೆಯದು. ಆದರೆ ಹೊಳೆಯುವ ಪ್ಲಾಸ್ಟಿಕ್ ಜಾಲರಿಯ ಚೀಲಗಳ ವಿಷಯ ಬೇರೆ. ಕುದಿಯಲು ಹತ್ತಿರವಾದ ನೀರಿನಲ್ಲಿ ಇಂಥ ಚೀಲಗಳಿಂದ ಕೋಟಿಗಟ್ಟಲೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದರು. ಎಣಿಕೆಯ ವಿಧಾನದ ಬಗ್ಗೆ ಬೇರೆ ವಿಜ್ಞಾನಿಗಳು ತಕರಾರು ಎತ್ತಿದ್ದಾರೆ. ಆ ಚರ್ಚೆ ಮುಗಿಯುವವರೆಗೆ ಕಾಯುವ ಬದಲು ಸ್ಟೀಲ್ ಬುಟ್ಟಿಗೆ ಬಂದರೆ ಚಿಂತೆಯೇ ಇಲ್ಲ.

ನಮ್ಮ ಕಾಫಿ ಫಿಲ್ಟರ್: "ಮನೆಯಲ್ಲಿ ಫಿಲ್ಟರ್ ಇದೆಯಲ್ಲ, ಅದರಲ್ಲೇ ಮಾಡಿದರಾಯಿತು" ಎನ್ನುವವರಿದ್ದಾರೆ. ಬೇಡ. ಫಿಲ್ಟರಿನಲ್ಲಿ ಪುಡಿಯನ್ನು ಒತ್ತಿ ಕೂರಿಸಿ ನೀರು ತೊಟ್ಟುತೊಟ್ಟಾಗಿ ಇಳಿಯುವಂತೆ ಮಾಡುತ್ತೇವೆ. ಚಹಾದ ಎಲೆಗೆ ಬೇಕಾದದ್ದು ಅದರ ಉಲ್ಟಾ: ಸಡಿಲವಾಗಿ ತೇಲಬೇಕು, ಹೊತ್ತಾದ ಕೂಡಲೇ ಬೇರೆಯಾಗಬೇಕು. ಮೇಲಾಗಿ, ವರ್ಷಗಟ್ಟಲೆ ಕಾಫಿ ಕುಡಿದ ಹಿತ್ತಾಳೆಯೋ ಸ್ಟೀಲೋ ತನ್ನ ವಾಸನೆಯನ್ನು ಚಹಾಕ್ಕೂ ಕೊಡುತ್ತದೆ.

ಏನೂ ಕೊಳ್ಳದ ದಾರಿ: ಒಂದು ಮುಚ್ಚಳದ ಪಾತ್ರೆ, ಒಂದು ಜರಡಿ. ಪಾತ್ರೆಯಲ್ಲಿ ಎಲೆಯನ್ನು ಬಿಡಿಯಾಗಿ ಹಾಕಿ ಬಿಸಿನೀರು ಸುರಿದು ಮುಚ್ಚಿ. ಹೊತ್ತಾದ ಮೇಲೆ ಪೂರ್ತಿ ಸೋಸಿಬಿಡಿ. ಎಲೆಗೆ ಇದಕ್ಕಿಂತ ಹೆಚ್ಚು ಜಾಗ ಯಾವ ದುಬಾರಿ ಇನ್‌ಫ್ಯೂಸರೂ ಕೊಡುವುದಿಲ್ಲ. ಒಂದೇ ಷರತ್ತು: ಅರ್ಧ ಸೋಸಿ ಉಳಿದರ್ಧವನ್ನು ಎಲೆಯ ಜೊತೆ ಬಿಡಬಾರದು.

ಅಂಗಡಿಯಲ್ಲಿ ನಿಂತಾಗ

ಕೂಕಟ್‌ಪಲ್ಲಿಯ ಪಾತ್ರೆ ಅಂಗಡಿಯಾಗಲಿ ಮಾಲ್ ಆಗಲಿ, ಬುಟ್ಟಿ ಕೊಳ್ಳುವಾಗ ಈ ಐದು ಸಂಗತಿ ನೋಡಿ.

1. ನಿಮ್ಮ ಲೋಟದ ಬಾಯಿ ಅಳತೆ ಮಾಡಿಕೊಂಡು ಹೋಗಿ. ನಮ್ಮ ಸ್ಟೀಲ್ ಲೋಟಗಳ ಬಾಯಿ ಪಿಂಗಾಣಿ ಮಗ್ಗಿಗಿಂತ ಕಿರಿದು. ಮಗ್ಗಿಗೆಂದು ಮಾಡಿದ ಬುಟ್ಟಿ ಲೋಟಕ್ಕೆ ಇಳಿಯದಿರಬಹುದು.

2. ಬುಟ್ಟಿ ಆಳವಾಗಿರಲಿ. ಲೋಟದ ಮುಕ್ಕಾಲು ಆಳಕ್ಕಾದರೂ ಇಳಿಯಬೇಕು.

3. ಬೆಳಕಿಗೆ ಹಿಡಿದು ನೋಡಿ. ತೂತುಗಳು ಸಣ್ಣವಾಗಿ, ಒತ್ತೊತ್ತಾಗಿ, ಪಕ್ಕಕ್ಕೂ ತಳಕ್ಕೂ ಇರಬೇಕು. ತಳದಲ್ಲಿ ಮಾತ್ರ ಇದ್ದರೆ ಬೇಡ.

4. ಅಂಚಿನಲ್ಲಿ ಜಾಲರಿ ಬೆಸೆದ ಜಾಗಕ್ಕೆ ಬೆರಳು ಆಡಿಸಿ. ತಂತಿ ಚುಚ್ಚಿದರೆ ಬೇಗ ಕಿತ್ತುಬರುತ್ತದೆ, ಆ ಸಂದಿಯಲ್ಲಿ ಎಲೆಯ ಚೂರೂ ಕೂರುತ್ತದೆ.

5. 304 ಅಥವಾ 18/8 ಎಂದು ಬರೆದ ಸ್ಟೀಲ್ ಇರಲಿ. ತುಕ್ಕು ಹಿಡಿಯುವುದು ಕಡಿಮೆ, ನಿಂಬೆ ಹುಳಿಗೂ ಜಗ್ಗುವುದಿಲ್ಲ.

ಮಾಡುವ ಬಗೆ

ಮೊದಲು ಅಳತೆ. ಚಹಾ ರುಚಿ ನೋಡುವ ವೃತ್ತಿಯವರಿಗೆಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಒಂದು ಮಾನಕವೇ ಇದೆ, ಐಎಸ್ಒ 3103. 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಎಲೆಯ ಗುಣದೋಷ ಎದ್ದು ಕಾಣಲಿ ಎಂದು ಮಾಡಿದ ಲೆಕ್ಕ ಅದು, ಕುಡಿಯುವ ಸುಖಕ್ಕಲ್ಲ. ಮನೆಗೆ 200 ಮಿಲಿ ಲೋಟಕ್ಕೆ 2ರಿಂದ 2.5 ಗ್ರಾಂ ಸಾಕು. ಸಣ್ಣ ಎಲೆಯಾದರೆ ಒಂದು ಟೀ ಚಮಚ. ಉದ್ದ, ಹಗುರ ಎಲೆಯಾದರೆ ಎರಡು ಚಮಚವಾದೀತು.

ಇನ್ನು ನೀರಿನ ಬಿಸಿ. ಕಪ್ಪು ಚಹಾಕ್ಕೆ ಆಗಷ್ಟೇ ಕುದಿದ ನೀರು. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಅದು ಕಪ್ಪು ಚಹಾಕ್ಕೆ ಧಾರಾಳ ಸಾಕು. ಗ್ರೀನ್ ಟೀಗೆ ಮಾತ್ರ ಕುದಿನೀರು ಬೇಡವೇ ಬೇಡ, 75ರಿಂದ 80 ಡಿಗ್ರಿ ಸಾಕು. ಥರ್ಮಾಮೀಟರ್ ಎಲ್ಲಿಂದ ತರೋಣ ಅಂತೀರಾ? ಕಾಫಿ ಆರಿಸಲು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯುವುದು ನಮಗೆ ಗೊತ್ತೇ ಇದೆ. ಕುದಿದ ನೀರನ್ನು ತಣ್ಣಗಿರುವ ಸ್ಟೀಲ್ ಪಾತ್ರೆಗೆ ಒಮ್ಮೆ ಸುರಿದರೆ ಹತ್ತಿರ ಹತ್ತಿರ 10 ಡಿಗ್ರಿ ಇಳಿಯುತ್ತದೆ. ಎರಡು ಸಲ ಸುರಿದರೆ ಗ್ರೀನ್ ಟೀಗೆ ಹದ.

ಆಮೇಲೆ ಹೊತ್ತು. ಗ್ರೀನ್ ಟೀಗೆ 2ರಿಂದ 3 ನಿಮಿಷ. ಡಾರ್ಜಿಲಿಂಗಿಗೆ 3 ನಿಮಿಷ. ನೀಲಗಿರಿ, ಅಸ್ಸಾಂ ಕಪ್ಪು ಎಲೆಗೆ 3ರಿಂದ 5 ನಿಮಿಷ. ತುಳಸಿ, ಮಜ್ಜಿಗೆ ಹುಲ್ಲು, ಪುದೀನದಂಥ ಎಲೆಗಳಿಗೆ 5ರಿಂದ 7 ನಿಮಿಷ. ಇವು ಹೆಚ್ಚು ಹೊತ್ತಾದರೂ ಚಹಾದಷ್ಟು ಒಗರಾಗುವುದಿಲ್ಲ. ಮೊಬೈಲಿನ ಅಲಾರಂ ಇಟ್ಟುಬಿಡಿ. ಕಡಕ್ ಬೇಕು ಎನ್ನುವವರು ಎಲೆ ಹೆಚ್ಚಿಸಿ, ಹೊತ್ತು ಹೆಚ್ಚಿಸಬೇಡಿ. ಈ ಒಂದು ಮಾತು ನೆನಪಿದ್ದರೆ ಅರ್ಧ ಕಹಿ ಹೋದಂತೆ.

ಎತ್ತುವಾಗ ಬುಟ್ಟಿಯನ್ನು ಚಮಚದಿಂದ ಹಿಂಡಬೇಡಿ. ಎಲೆಯಲ್ಲಿ ಉಳಿದ ಕಡು ಒಗರಿನ ರಸವೂ, ಸಣ್ಣ ಪುಡಿಯೂ ಲೋಟಕ್ಕಿಳಿಯುತ್ತವೆ. ತಾನಾಗಿ ತೊಟ್ಟಿಕ್ಕಲಿ. ಒಳ್ಳೆಯ ಇಡೀ ಎಲೆಯಾದರೆ ಕೂಡಲೇ ಇನ್ನೊಂದು ಸಲ ನೀರು ಹಾಕಿ, ಒಂದು ನಿಮಿಷ ಹೆಚ್ಚು ಬಿಟ್ಟು ಎರಡನೇ ಲೋಟ ಪಡೆಯಬಹುದು. ಆದರೆ ಬೆಳಗಿನ ಒದ್ದೆ ಎಲೆಯನ್ನು ಸಂಜೆಗೆಂದು ಇಡಬೇಡಿ. ನಮ್ಮೂರಿನ ಬಿಸಿಲಿಗೆ ಬೇಗ ಕೆಡುತ್ತದೆ.

ನೀರು ಮತ್ತು ಆ ಕೆನೆ

ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿ ನೀರು, ಬೋರ್ ನೀರು, ಟ್ಯಾಂಕರ್ ನೀರು ಒಂದೇ ಸಂಪಿನಲ್ಲಿ ಬೆರೆಯುವುದುಂಟು. ಬೋರ್ ನೀರು ಗಡಸು. ಆ ನೀರಿನಲ್ಲಿ ಮಾಡಿದ ಕಪ್ಪು ಚಹಾದ ಮೇಲೆ ತೆಳ್ಳನೆಯ ಎಣ್ಣೆ ಪದರದಂಥದ್ದು ಕಟ್ಟುತ್ತದೆ. ಎಲೆಯಲ್ಲಿ ಕಲಬೆರಕೆ ಇದೆ ಎಂದು ಹೆದರಬೇಡಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪೈರೊ ಮತ್ತು ಜಗನ್ಯಿ ಇದನ್ನು ಪರೀಕ್ಷಿಸಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟು, ಗಾಳಿಯ ಆಮ್ಲಜನಕ, ಚಹಾದ ಅಂಶಗಳು ಸೇರಿ ಈ ಪದರವಾಗುತ್ತದೆ. ಶುದ್ಧೀಕರಿಸಿದ ಮೃದು ನೀರಿನಲ್ಲಿ ಕಟ್ಟುವುದಿಲ್ಲ, ನಿಂಬೆ ಹಿಂಡಿದರೂ ಕಟ್ಟುವುದಿಲ್ಲ. ಆದ್ದರಿಂದ ಎಲೆ ಚಹಾಕ್ಕೆ ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ.

ಗಡಸು ನೀರು ಇನ್‌ಫ್ಯೂಸರಿನ ತೂತುಗಳನ್ನೂ ಬಿಳಿಯಾಗಿ ಕಟ್ಟಿಸುತ್ತದೆ. ತಿಂಗಳಿಗೊಮ್ಮೆ ನಿಂಬೆರಸ ಅಥವಾ ವಿನೆಗರ್ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕಂದು ಕಲೆಗೆ ಅಡುಗೆ ಸೋಡಾ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ದಿನಾ ಆದರೆ ಬಳಸಿದ ಕೂಡಲೇ ಬೋರಲು ಹಾಕಿ ನೀರು ಬಿಟ್ಟರೆ ಸಾಕು. ಎಲೆ ಒಣಗಿ ಅಂಟಿದರೆ ಕೆಲಸ ಹೆಚ್ಚು. ಘಮಘಮಿಸುವ ಪಾತ್ರೆ ಸೋಪು ಜಾಲರಿಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಬಸಿದ ಎಲೆಯನ್ನು ಗೊಬ್ಬರದ ಡಬ್ಬಿಗೆ ಹಾಕಬಹುದು, ಗಿಡದ ಬುಡಕ್ಕೆ ತೆಳುವಾಗಿ ಹರಡಬಹುದು.

ಯಾವಾಗ ಕುಡಿಯಬೇಕು?

ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆ ಹುಟ್ಟಿದ್ದು 1918ರಲ್ಲಿ, ಅದೂ ನೀಲಗಿರಿಯ ಚಹಾ ಸೀಮೆ ಕೂನೂರಿನಲ್ಲಿ. ಹೈದರಾಬಾದಿಗೆ ಬಂದದ್ದು 1958ರಲ್ಲಿ. ಈ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡ ಎಂದಿದೆ. ಚಹಾದ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರಗೊಡುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಗರ್ಭಿಣಿಯರು ಇದನ್ನು ಗಮನಿಸಲೇಬೇಕು. ಹಾಲು ಹಾಕದ ಗ್ರೀನ್ ಟೀ ಆದರೂ ಈ ನಿಯಮಕ್ಕೆ ಹೊರತಲ್ಲ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟದಿರಲಿ ಎಂದೂ ಅದೇ ಪುಸ್ತಕ ಹೇಳುತ್ತದೆ. ಅದರ ಲೆಕ್ಕದಲ್ಲಿ ಒಂದು ಸಾಧಾರಣ ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಔಷಧಿ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಿಕೊಳ್ಳಿ.

ಈ ಭಾನುವಾರದ ಪರೀಕ್ಷೆ

ಅಟ್ಟದ ಡಬ್ಬಿ ಇಳಿಸಿ. ಮೊದಲು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಅದರ ಆಯುಸ್ಸು ಮುಗಿಯಿತು, ಗಿಡಕ್ಕೆ ಹಾಕಿ. ಚೆನ್ನಾಗಿದ್ದರೆ ಎರಡು ಲೋಟ ಇಡಿ. ಒಂದಕ್ಕೆ ಗುಂಡಿನಲ್ಲಿ ತುಂಬಿದ ಎಲೆ, ಇನ್ನೊಂದಕ್ಕೆ ಅಷ್ಟೇ ಎಲೆ ಬಿಡಿಯಾಗಿ. ಎರಡಕ್ಕೂ ಒಂದೇ ನೀರು, ಒಂದೇ 3 ನಿಮಿಷ. ಎರಡನೆಯದನ್ನು ಜರಡಿಯಲ್ಲಿ ಸೋಸಿ, ಮನೆಯವರಿಗೆ ಯಾವುದು ಯಾವುದು ಎಂದು ಹೇಳದೆ ಕುಡಿಯಲು ಕೊಡಿ. ಯಾವ ಇನ್‌ಫ್ಯೂಸರ್ ಕೊಳ್ಳಬೇಕು, ಅಥವಾ ಕೊಳ್ಳಲೇಬೇಕೇ, ಎನ್ನುವುದನ್ನು ಅವರ ನಾಲಿಗೆಯೇ ಹೇಳುತ್ತದೆ. ಬಿಡಿ ಎಲೆಯ ಲೋಟವೇ ಗೆದ್ದರೆ ಜಾಗದ ಮಾತು ನಿಮಗೇ ಮನದಟ್ಟಾದಂತೆ.

ಫಲಿತಾಂಶ ಏನಾಯಿತು ಎಂದು ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಹದವಾಗಿ ಕುಡಿಯುತ್ತಿರಿ. ನಮಸ್ಕಾರ.